ಹೊಸ ವೂಫರ್ ತರೋ ಮುಂಚೆ ಹಳೇದು ಯಾಕೆ ಹೋಯ್ತು ನೋಡಿ

ಕಾರಿನ ಡಿಕ್ಕಿಯಲ್ಲಿರೋ ಸಬ್‌ವೂಫರ್ (ತಳದ ಬೇಸ್ ಸದ್ದು ಕೊಡೋ ದೊಡ್ಡ ಸ್ಪೀಕರ್) ಗರಗರ ಅಂತು ಅಂದ್ರೆ ಆಕ್ಸೆಸರೀಸ್ ಅಂಗಡಿಯಲ್ಲಿ ಸಿಗೋ ಉತ್ತರ ಒಂದೇ: "ಇದು ಹೋಯ್ತು ಸಾರ್, ಹೊಸದು ಹಾಕ್ಸಿಬಿಡಿ." ಎಷ್ಟೋ ಕಡೆ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯೋ ಮೀಟರ್) ಕೈಗೆ ತಗೊಳ್ಳೋದೂ ಇಲ್ಲ. ಹೊಸದು ಮಾರಿದ್ರೆ ಅವರಿಗೆ ಲಾಭ, ವ್ಯಾಪಾರ ಅಂದ್ಮೇಲೆ ಅದು ಇದ್ದಿದ್ದೇ. ಕಾಸು ಬಿಚ್ಚೋರು ಮಾತ್ರ ನಾವು. ನಾನು ಹೇಳೋದು ಇಷ್ಟೇ: ಯಾವ ಭಾಗ ಹೋಗಿದೆ, ಯಾಕೆ ಹೋಯ್ತು ಅಂತ ಗೊತ್ತಾಗೋ ತನಕ ರಿಪೇರಿಗೂ ಕೊಡಬೇಡಿ, ಹೊಸದೂ ತರಬೇಡಿ.

ಈಚೆಗೆ ನಮ್ಮಕ್ಕನ ಮಗ ದಾವಣಗೆರೆಯಿಂದ ಫೋನ್ ಮಾಡಿದ್ದ. "ಮಾಮ, ಹನ್ನೆರಡು ಇಂಚಿನ ವೂಫರ್ ಸುಟ್ಟೋಯ್ತು. ಈ ಸಲ ಸಾವಿರ ವಾಟ್ಸಿಂದು ತಗೊಳ್ಲಾ?"

"ಸುಟ್ಟ ವಾಸನೆ ಬಂತೇನೋ?"

"ಇಲ್ಲ ಮಾಮ. ಒಂದ್ಸಲ ಬೇಸ್ ಬರುತ್ತೆ, ಒಂದ್ಸಲ ನಿಂತೋಗುತ್ತೆ."

ಸುಟ್ಟ ಕಾಯಿಲ್ (ಸ್ಪೀಕರ್ ಒಳಗಿನ ತಂತಿಯ ಸುರುಳಿ) ಹೀಗೆ ಬಂದು ಹೋಗಿ ಆಟ ಆಡೋದು ಕಡಿಮೆ. ವೈರ್ ಸಿಕ್ಕಿಸೋ ಟರ್ಮಿನಲ್‌ನಿಂದ ಕೋನಿಗೆ (ಮುಂದೆ ಕಾಣೋ, ಸದ್ದಿಗೆ ಅದುರೋ ತಟ್ಟೆ) ಹೋಗೋ ಜಡೆ ಹೆಣೆದಂಥ ತೆಳು ತಂತಿ ಇದೆಯಲ್ಲ, ಕೋನ್ ಕುಣಿದೂ ಕುಣಿದೂ ಅದು ಬುಡದಲ್ಲಿ ತುಂಡಾಗಿರುತ್ತೆ. ಇವನದೂ ಅದೇ ಆಗಿತ್ತು. ಹೊಸ ತಂತಿ ಹಾಕಿ ಎರಡು ಕಡೆ ಬೆಸುಗೆ ಹಾಕಿಸಿದ, ಸರಿಹೋಯ್ತು.

ಸ್ಪೀಕರ್ ಅನ್ನೋದು ರಿಪೇರಿಗೆ ಹೇಳಿ ಮಾಡಿಸಿದಂಥ ಯಂತ್ರ. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ ಅನ್ನೋ ಇಬ್ಬರು ಪ್ರಕಟಿಸಿದ ವಿನ್ಯಾಸವೇ ಮೂಲದಲ್ಲಿ ಇವತ್ತಿಗೂ ನಮ್ಮ ಡಿಕ್ಕಿಯಲ್ಲಿರೋದು. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನ್, ಅದನ್ನ ನೆಟ್ಟಗೆ ಹಿಡಿಯೋಕೆ ಕೆಳಗೆ ಸ್ಪೈಡರ್ ಅನ್ನೋ ಬಟ್ಟೆಯ ಬಿಲ್ಲೆ, ಅಂಚಿಗೆ ಸರೌಂಡ್ ಅನ್ನೋ ಮೆತ್ತನೆ ಉಂಗುರ. ಕಂಪನಿಯವರು ಲಾಕ್ ಹಾಕೋಕೆ ಒಳಗೆ ಸಾಫ್ಟ್‌ವೇರೇ ಇಲ್ಲ. ಭಾರವಾದ ಫೆರೈಟ್ ಅಯಸ್ಕಾಂತ ದಶಕಗಟ್ಟಲೆ ಬಾಳುತ್ತೆ. ಹಾಳಾಗೋದು ಕಾಗದ, ಬಟ್ಟೆ, ಫೋಮ್, ಅಂಟು. ನಮ್ಮ ಶಾಮಿಯಾನ, ಆರ್ಕೆಸ್ಟ್ರಾದ ಸೌಂಡ್ ಸಿಸ್ಟಂನೋರನ್ನ ಕೇಳಿ ನೋಡಿ. ಕಾಯಿಲ್ ಹೋಯ್ತು ಅಂತ ಹದಿನೈದು ಇಂಚಿನ ಸ್ಪೀಕರ್ ಗುಜರಿಗೆ ಹಾಕ್ತಾರಾ? ಗಣೇಶನ ಹಬ್ಬದ ಸೀಸನ್ ಮುಂಚೆ ರೀಕೋನ್ (ಕೋನ್, ಸ್ಪೈಡರ್, ಕಾಯಿಲ್ ಹೊಸದು ಹಾಕೋದು) ಮಾಡಿಸಿ ಇಟ್ಕೊಳ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆ ಕಡೆ ಹೋದ್ರೆ ಕೋನ್, ಸ್ಪೈಡರ್, ಕಾಯಿಲ್ ಬಿಡಿಬಿಡಿಯಾಗೇ ಸಿಗುತ್ತೆ.

ಪರೀಕ್ಷೆ ಮನೆಯಲ್ಲೇ ಆಗುತ್ತೆ. ಆಂಪ್ (ಆಂಪ್ಲಿಫೈಯರ್) ವೈರ್ ಬಿಚ್ಚಿ, ವೂಫರ್‌ನ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡೀರಿ. 4 ಓಮ್ ವೂಫರ್ ಆದ್ರೆ ಮೀಟರ್ 3.2ರಿಂದ 3.8 ಅಂತ ಏನಾದ್ರೂ ತೋರಿಸ್ಬೇಕು. ಏನೂ ತೋರಿಸ್ಲಿಲ್ಲ ಅಂದ್ರೆ ಕಾಯಿಲ್ ಅಥವಾ ಆ ಜಡೆತಂತಿ ತುಂಡಾಗಿದೆ. ಸೊನ್ನೆ ಹತ್ತಿರ ತೋರಿಸಿದ್ರೆ ಕಾಯಿಲ್ ಶಾರ್ಟ್. ಡಬಲ್ ಕಾಯಿಲ್ ಇದ್ರೆ ಎರಡನ್ನೂ ಬೇರೆಬೇರೆ ನೋಡಿ. ಆಮೇಲೆ ಎರಡೂ ಕೈಬೆರಳು ಕೋನಿನ ಸುತ್ತ ಇಟ್ಟು ಸಮನಾಗಿ, ನಿಧಾನಕ್ಕೆ ಒತ್ತಿ. ಕರಕರ ಉಜ್ಜಿದ ಸದ್ದು ಬಂದ್ರೆ ಕಾಯಿಲ್ ಉಬ್ಬಿದೆ, ಇಲ್ಲವೇ ಮಧ್ಯದಿಂದ ಸರಿದಿದೆ.

ಸರೌಂಡ್ ಹರಿದಿದ್ರೆ, ಸ್ಪೈಡರ್ ಅಂಟು ಬಿಟ್ಟಿದ್ರೆ, ಯೋಚನೆಯೇ ಬೇಡ, ರಿಪೇರಿ. ಬಿಸಿಲಿಗೆ ಕಾದು, ಮಳೆಗಾಲದ ತೇವ ಹೀರಿ ಫೋಮ್ ಸರೌಂಡ್ ಪುಡಿಪುಡಿ ಆಗೋದು ಸಹಜ, ಕರಾವಳಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ದಯವಿಟ್ಟು ಫೆವಿಕ್ವಿಕ್ ಮಾತ್ರ ಸುರೀಬೇಡಿ. ಅದು ಒಣಗಿ ಗಟ್ಟಿಯಾಗುತ್ತೆ, ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತೆ.

ಕಾಯಿಲ್ ಸುಟ್ಟಿದ್ದರೇ ನಿಜವಾದ ತಲೆನೋವು. ಸುಟ್ಟ ಕಾಯಿಲ್‌ಗೆ ಸಾಮಾನ್ಯವಾಗಿ ವಾರಂಟಿಯೂ ಸಿಗಲ್ಲ. ಲೋಕಲ್ ಕಾಯಿಲ್ ಹಾಕಿಸಬಹುದು, ಆದ್ರೆ ಸುತ್ತು, ಎತ್ತರ, ಪದರ ಬೇರೆ ಆದ್ರೆ ವೂಫರ್‌ನ ಗುಣವೇ ಬೇರೆ ಆಗುತ್ತೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಸ್ಪೀಕರ್ ಗುಣಕ್ಕೂ ಅದನ್ನ ಕೂರಿಸೋ ಬಾಕ್ಸ್‌ನ ಗಾತ್ರಕ್ಕೂ ಇರೋ ಲೆಕ್ಕ ಕೂಡಿಸಿ ಕೊಟ್ಟರು. ನಿಮ್ಮ ಬಾಕ್ಸ್ ಹಳೇ ವೂಫರ್‌ನ ಲೆಕ್ಕಕ್ಕೆ ಮಾಡಿದ್ದು. ಒರಿಜಿನಲ್ ಕಿಟ್ ಸಿಕ್ಕಿದ್ರೆ ಕಣ್ಮುಚ್ಚಿ ಹಾಕಿಸಿ. ಸಿಗದಿದ್ರೆ, ಒಳ್ಳೆ ಬಾಸ್ಕೆಟ್ (ಎಲ್ಲವನ್ನೂ ಹಿಡಿದಿರೋ ಚೌಕಟ್ಟು), ದಪ್ಪ ಅಯಸ್ಕಾಂತ ಇರೋ ವೂಫರ್ ಆಗಿದ್ರೆ ಮಾತ್ರ ಲೋಕಲ್ ಕಾಯಿಲ್‌ಗೆ ಕಾಸು ಹಾಕಿ.

"ಹೊಸದರ ಅರ್ಧ ಬೆಲೆ ದಾಟಿದ್ರೆ ರಿಪೇರಿ ಬೇಡ" ಅಂತ ಒಂದು ಮಾತು ಚಾಲ್ತಿಯಲ್ಲಿದೆ. ಅದು ಅರೆಬರೆ ಲೆಕ್ಕ. ಈ ಬಾಕ್ಸಿನ ಮಾತು ಹೊಸ ವೂಫರ್‌ಗೂ ಅನ್ವಯಿಸುತ್ತೆ. ಎಲ್ಲ ಹನ್ನೆರಡು ಇಂಚೂ ಒಂದೇ ಅಲ್ಲ; ತೂತಿನ ಅಳತೆ, ಹಿಂದಿನ ಆಳ, ಬಾಕ್ಸ್‌ಗೆ ಬೇಕಾದ ಲೀಟರ್ ಎಲ್ಲ ಬೇರೆ. ಬಾಕ್ಸ್ ಬದಲಾಯಿಸೋದು, ಫಿಟ್ಟಿಂಗ್ ಕೂಲಿ ಸೇರಿಸಿ ನೋಡಿ, ಆಮೇಲೆ ಅರ್ಧ ಎಷ್ಟು ಅಂತ ಹೇಳಿ.

ಇನ್ನು ಯಾಕೆ ಸುಟ್ಟಿತು ಅನ್ನೋದು. ಇದನ್ನ ಯಾರೂ ಕೇಳಲ್ಲ, ಅದಕ್ಕೇ ಹೊಸದೂ ಸುಡುತ್ತೆ. ಸ್ಪೀಕರ್‌ಗೆ ಹೋಗೋ ವಿದ್ಯುತ್ತಿನಲ್ಲಿ ಸದ್ದಾಗೋದು ಹೆಚ್ಚೂಕಡಿಮೆ ನೂರಕ್ಕೆ ಒಂದು ಪಾಲು. ಉಳಿದಿದ್ದೆಲ್ಲ ಕಾಯಿಲ್‌ನಲ್ಲಿ ಬಿಸಿ. ಬೇಸ್ ಬೂಸ್ಟ್ ತಿರುಗಿಸಿ 12 ಡೆಸಿಬೆಲ್‌ಗೆ ಇಟ್ರೆ ಬೂಸ್ಟ್ ಆದ ತಳದ ಸದ್ದಿಗೆ ಆಂಪ್ ಸುಮಾರು 16 ಪಟ್ಟು ಪವರ್ ಕೊಡ್ಬೇಕು. ಅಷ್ಟು ಅದರ ಹತ್ರ ಇರಲ್ಲ, ಕ್ಲಿಪ್ ಆಗುತ್ತೆ (ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗುತ್ತೆ), ಕಾಯಿಲ್ ಇನ್ನೂ ಬಿಸಿಯಾಗುತ್ತೆ. ಗೇನ್ ಅನ್ನೋದನ್ನ ನಮ್ಮ ಹುಡುಗರು ವಾಲ್ಯೂಮ್ ಅಂದ್ಕೊಂಡಿದಾರೆ. ಸ್ಟೀರಿಯೋದಿಂದ ಬರೋ ವೋಲ್ಟೇಜ್‌ಗೆ ಆಂಪನ್ನ ಹೊಂದಿಸೋಕೆ ಇರೋ ತಿರುಪು ಅದು. ವೂಫರ್ ಬಿಚ್ಚಿ, ಬೂಸ್ಟ್ ಸೊನ್ನೆಗೆ ತಂದು, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಸ್ ಟೋನ್ ಹಾಕಿ ಆಂಪ್ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಳೀರಿ. ಆಂಪ್, ವೂಫರ್ ಎರಡೂ 4 ಓಮ್‌ಗೆ 300 ವಾಟ್ ಆರ್‌ಎಂಎಸ್ (ಸತತವಾಗಿ ಕೊಡೋ, ತಡೆಯೋ ಪವರ್) ಆಗಿದ್ರೆ ಅದು 34–35 ವೋಲ್ಟ್ ದಾಟಬಾರದು. ಪವರ್ ವೈರನ್ನೂ ಒಮ್ಮೆ ಕತ್ತರಿಸಿ ನೋಡಿ. ಅಗ್ಗದ ಕಿಟ್‌ನಲ್ಲಿ ಬರೋದು ಹೆಚ್ಚಾಗಿ ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ತೆಳು ವೈರ್ ಹಾಕಿ ವೋಲ್ಟೇಜ್ ಬಿದ್ರೆ ಆಂಪ್ ಬೇಗ ಕ್ಲಿಪ್ ಆಗುತ್ತೆ.

ನಮ್ಮ ಹುಡುಗನ ಸಾವಿರ ವಾಟ್ ಆಸೆಗೂ ಒಂದು ಲೆಕ್ಕ ಕೊಟ್ಟೆ. ಆಂಪ್ ಮೇಲಿರೋ ಫ್ಯೂಸ್ 30 ಆಂಪಿಯರ್‌ದು ಅಂದ್ರೆ 14 ವೋಲ್ಟ್‌ನಿಂದ ಗುಣಿಸು, 420 ವಾಟ್. ಒಳಗೆ ಹೋಗೋದೇ ಅಷ್ಟು, ಹೊರಗೆ ಸಾವಿರ ಎಲ್ಲಿಂದ ಬರುತ್ತೋ? ಪ್ಯಾಕಿಂಗ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿರೋದು ಪೀಕ್ (ಕ್ಷಣಮಾತ್ರದ ಪವರ್), ಸಣ್ಣಕ್ಷರದ ಆರ್‌ಎಂಎಸ್ ಓದೋದು ಕಲಿ ಅಂದೆ. ಇಷ್ಟಕ್ಕೂ ಕಾರಿನಂಥ ಪುಟ್ಟ ಜಾಗದಲ್ಲಿ ತಳದ ಬೇಸ್ ತಾನಾಗೇ ಹಿಗ್ಗುತ್ತೆ, ನಂಬರ್ ಪ್ಲೇಟ್ ಅದುರಿಸೋಕೆ ಸಾವಿರ ವಾಟ್ ಬೇಕಿಲ್ಲ. (ಅದುರಿಸಲೇಬೇಕಾ ಅನ್ನೋದು ಬೇರೆ ಜಗಳ.)

ಹೊಸದೇ ತರಬೇಕಾದ ಸಂದರ್ಭವೂ ಇದೆ. ಕಾರು ಗುದ್ದಿಸಿ ಅಯಸ್ಕಾಂತವೇ ಸರಿದಿದ್ರೆ, ಬಾಸ್ಕೆಟ್ ಸೊಟ್ಟ ಆಗಿದ್ರೆ, ಸೀಟಿನ ಕೆಳಗಿನ ಚಪ್ಪಟೆ ಆಕ್ಟಿವ್ ವೂಫರ್‌ನಲ್ಲಿ (ಆಂಪ್ ಒಳಗೇ ಇರೋದು) ಆಂಪ್ ಮತ್ತು ಕಾಯಿಲ್ ಎರಡೂ ಹೋಗಿದ್ರೆ, ಹಠ ಮಾಡಬೇಡಿ, ಬದಲಾಯಿಸಿ. ಆದ್ರೆ ಓಮ್ ಹೊಂದುತ್ತಾ ನೋಡ್ಕೊಳ್ಳಿ: 4+4 ಡಬಲ್ ಕಾಯಿಲನ್ನ ಪ್ಯಾರಲಲ್ ಕೊಟ್ರೆ 2 ಓಮ್, ಬ್ರಿಜ್ ಮಾಡಿದ (ಎರಡು ಚಾನೆಲ್ ಸೇರಿಸಿ ಒಂದು ಮಾಡಿದ) ಎಷ್ಟೋ ಆಂಪ್‌ಗಳು ಅದನ್ನ ತಡೆಯಲ್ಲ.

ಹುಬ್ಬಳ್ಳಿ, ಶಿವಮೊಗ್ಗ, ಹಾಸನದ ಕಡೆ ಕೈ ಪಳಗಿದ ರೀಕೋನ್ ಕೆಲಸದವರು ಯಾವ ಬೀದಿಯಲ್ಲಿದ್ದಾರೆ ಅಂತ ಗೊತ್ತಿದ್ರೆ ಕೆಳಗೆ ಬರೀರಿ. ಬಹಳ ಜನ ಕೇಳ್ತಿರ್ತಾರೆ.