ವೈಬ್ರೇಷನ್ ಮೆಷಿನ್‌ಗೆ ದುಡ್ಡು ಹಾಕುವ ಮೊದಲು

ಶಿವಮೊಗ್ಗದಲ್ಲಿ ವಯಸ್ಸಾದವರಿರುವ ಮನೆಗೆ ಹೋದರೆ ಈಗ ಈ ಮಾತು ಬಂದೇ ಬರುತ್ತದೆ. “ವೈಬ್ರೇಷನ್ ಮೆಷಿನ್ ತಗೊಳ್ಳೋಣ್ವಾ? ಸುಮ್ನೆ ಆ ಅದುರೋ ಹಲಗೆ ಮೇಲೆ ನಿಂತರೆ ಸಾಕು, ಮೂಳೆ ಗಟ್ಟಿಯಾಗುತ್ತಂತೆ ಅಲ್ವಾ?” ನನ್ನನ್ನು ಕೇಳಿದರೆ, ಮೂಳೆಗೋಸ್ಕರ ಬೇಡ.

ಹಾಗಂತ ಇದು ಪೂರ್ತಿ ಬುರುಡೆಯಲ್ಲ. 2001ರಲ್ಲಿ ಅಮೆರಿಕದ ವಿಜ್ಞಾನಿ ಕ್ಲಿಂಟನ್ ರೂಬಿನ್ ಅವರ ತಂಡ ಕುರಿಗಳನ್ನು ಒಂದು ವರ್ಷ, ದಿನಕ್ಕೆ 20 ನಿಮಿಷ, ಸಣ್ಣಗೆ ಅದುರುವ ಹಲಗೆಯ ಮೇಲೆ ನಿಲ್ಲಿಸಿತ್ತು. ಹಿಂಗಾಲಿನ ತೊಡೆಮೂಳೆಯ ಒಳಗಿನ ಜಾಲರಿಯಂಥ ಭಾಗ ಶೇ. 34ರಷ್ಟು ದಟ್ಟವಾಯಿತು. ಆಸೆ ಹುಟ್ಟಿದ್ದು ಅಲ್ಲಿಂದ. ಮನುಷ್ಯರಲ್ಲಿ ಹಾಗಾಗಲಿಲ್ಲ. ಕೆನಡಾದ ಟೊರೊಂಟೊದಲ್ಲಿ ಮುಟ್ಟು ನಿಂತ 202 ಹೆಂಗಸರನ್ನು ಸೇರಿಸಿಕೊಂಡು ಒಂದು ವರ್ಷ ಇಂಥ ಹಲಗೆಯನ್ನು ಪರೀಕ್ಷಿಸಿದರು. ಮೂಳೆಯ ಸಾಂದ್ರತೆ ಹೆಚ್ಚಲಿಲ್ಲ. ಹಾಂಗ್‌ಕಾಂಗ್‌ನಲ್ಲಿ 700ಕ್ಕೂ ಜಾಸ್ತಿ ಹೆಂಗಸರು, 18 ತಿಂಗಳು. ಅಲ್ಲೂ ಮೂಳೆ ಹಾಗೇ ಇತ್ತು. ಆದರೆ ಕಾಲಿಗೆ ಬಲ ಬಂತು, ಬೀಳುವುದು ಕಡಿಮೆಯಾಯಿತು. ನನಗೆ ದೊಡ್ಡದು ಅನಿಸುವುದು ಇದೇ. ಮೂಳೆ ಸವೆದವರ ಸೊಂಟ ಮುರಿಯುವುದು ಹೆಚ್ಚಾಗಿ ಬಿದ್ದಾಗಲೇ.

ಮಲೆನಾಡಲ್ಲಿ ಬೀಳುವುದಕ್ಕೆ ಜಾಗ ಹುಡುಕಬೇಕಾ? ಜುಲೈ ಬಂತೆಂದರೆ ಅಂಗಳವೆಲ್ಲ ಹಾವಸೆ. ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕೊಟ್ಟಿಗೆ ದಾರಿಗೆ ಅಡಿಕೆ ದಬ್ಬೆ ಹಾಸಿರುತ್ತಾರೆ. ನೆನೆದು ನೆನೆದು ಅದೂ ಜಾರುತ್ತದೆ. ಒಂದು ಕೈಲಿ ಹಾಲಿನ ಚೊಂಬು, ಇನ್ನೊಂದು ಕೈಲಿ ಸೀರೆ ನೆರಿಗೆ. ಹಿಡಿದುಕೊಳ್ಳಲು ಕೈಯೇ ಉಳಿಯುವುದಿಲ್ಲ. ಬಚ್ಚಲಿನ ಕಲ್ಲೂ ಅಷ್ಟೇ.

ಮೆಷಿನ್‌ಗೆ ಹಾಕುವ ದುಡ್ಡಲ್ಲಿ ಮೊದಲು ಬಚ್ಚಲ ಗೋಡೆಗೆ ಹಿಡಿ ಹಾಕಿಸಿ, ಕೊಟ್ಟಿಗೆ ದಾರಿಗೆ ಕಂಬಿ ಹಾಕಿಸಿ. ಹಾವಸೆ ಉಜ್ಜಿಸಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರ ವರದಿಯಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಅದಕ್ಕೆ ಔಷಧಿ ಇದೆ. ದಿನಾ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಅಭ್ಯಾಸ ಮಾಡಿಸಿ, ಪಕ್ಕದಲ್ಲಿ ಯಾರಾದರೂ ನಿಂತಿರಲಿ. ತೊಡೆಗೆ ಬಲ ಬರಲು ಇಷ್ಟು ಸಾಕು, ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಹೆಚ್ಚು ನಡೆದಾಡಲು ಆಗದವರಿಗೆ ಮೆಷಿನ್ ಬೇಕೇ ಅನಿಸಿದರೆ ಫಿಸಿಯೋಥೆರಪಿಸ್ಟ್ ಎದುರಿಗೇ ಆಗಲಿ. ಆ ಪರೀಕ್ಷೆಗಳಲ್ಲಿದ್ದ ಹಲಗೆಯ ಅದುರು ತುಂಬಾ ಸಣ್ಣದು. ಮಾರಾಟಕ್ಕಿರುವ ಕೆಲವು ಮೆಷಿನ್‌ಗಳು ಇಡೀ ಮೈ ಕುಲುಕಿಸುತ್ತವೆ. ಇತ್ತೀಚೆಗೆ ಮೂಳೆ ಮುರಿದವರು, ಪೇಸ್‌ಮೇಕರ್ ಇರುವವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು, ಕಣ್ಣಿನ ರೆಟಿನಾ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದರ ಮೇಲೆ ಹತ್ತಲೇಬಾರದು. ಮಾರುವವರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ.