ಅಮ್ಮ ಕೊಟ್ಟ ಫಸ್ಟ್ ಕ್ಲಾಸ್

ಈಗ ಏನು ಕೊಂಡರೂ ‘ಬಳಸಿ ಹೇಗನ್ನಿಸಿತು, ಹತ್ತಕ್ಕೆ ಎಷ್ಟು ಕೊಡ್ತೀರ’ ಅಂತ ಕೇಳುತ್ತಾರೆ. ಆನ್‌ಲೈನಲ್ಲಿ ತರಿಸಿದ ಪೊರಕೆಗೂ ಕೇಳಿದರು. ಮನೆ ಗುಡಿಸುವಾಗ ನನ್ನ ಮನಸ್ಸಿಗೆ ಏನನ್ನಿಸುತ್ತದೆ ಅಂತ ಕಟ್ಟಿಕೊಂಡ ಹೆಂಡತಿಯೇ ಇದುವರೆಗೆ ವಿಚಾರಿಸಿಲ್ಲ.

ಮೊನ್ನೆ ಮಿಕ್ಸಿಯ ಕಪ್ಲರ್ ಸವೆದುಹೋಯಿತು. ಮೋಟರ್ ಸುಮ್ನೆ ಗುರ್ ಅನ್ನುತ್ತಿತ್ತು, ಜಾರಿನೊಳಗೆ ಬ್ಲೇಡ್ ಅಲ್ಲಾಡುತ್ತಿರಲಿಲ್ಲ. ಸರ್ವೀಸ್ ಹುಡುಗ ಬಂದು ಹೊಸ ಕಪ್ಲರ್ ಕೂರಿಸಿದ. ನೋಡೋಣ ಅಂತ ಸ್ವಿಚ್ ಹಾಕಿದ. ಮುಚ್ಚಳ ಹಾಕಿರಲಿಲ್ಲ. ಕಾಯಿಚಟ್ನಿ ಅರ್ಧ ಗೋಡೆಗೆ, ಇನ್ನರ್ಧ ಕ್ಯಾಲೆಂಡರಿನ ಏಕಾದಶಿಗೆ.

ಸಂಜೆ ಕಂಪನಿಯಿಂದ ಫೋನ್. ಅಮ್ಮನೇ ತೆಗೆದಳು.

“ನಮ್ಮ ಮಿಕ್ಸಿಯನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡ್ತೀರಾ ಮೇಡಂ? ಸೊನ್ನೆಯಿಂದ ಹತ್ತರೊಳಗೆ ಹೇಳಿ.”

“ಅವರ ಮನೇಲೆಲ್ಲ ಮಿಕ್ಸಿ ಇದೆಯಮ್ಮಾ.”

“ಆದ್ರೂ ಒಂದು ನಂಬರ್ ಹೇಳಿ ಮೇಡಂ.”

“ಆರು ಹಾಕ್ಕೋ.”

ಅಮ್ಮ ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು. ಹತ್ತು ಅಂಕದ ಪ್ರಬಂಧಕ್ಕೆ ಏಳು ಕೊಟ್ಟ ದಿನ ಮನೆಗೆ ಬಂದು ಆ ಹುಡುಗನ ಹೆಸರು ಹೇಳುತ್ತಿದ್ದಳು. ಅವಳ ಕಾಲದಲ್ಲಿ ಮೂವತ್ತೈದಕ್ಕೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸು. ಗೋಡೆ ಒರೆಸಿದ ಮೇಲೂ ಫಸ್ಟ್ ಕ್ಲಾಸ್ ಕೊಟ್ಟಿದ್ದಾಳೆ ಅಂದರೆ ಧಾರಾಳ ಅಲ್ವಾ?

ಕಂಪನಿಯ ಲೆಕ್ಕ ಬೇರೆ. ಗಿರಾಕಿಯ ಮನಸ್ಸನ್ನು ಈ ಒಂದೇ ಪ್ರಶ್ನೆಯಲ್ಲಿ ಅಳೆಯುವ ಪದ್ಧತಿಯನ್ನು ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದು ಚಾಲ್ತಿಗೆ ತಂದರು. ನೆಟ್ ಪ್ರೊಮೋಟರ್ ಸ್ಕೋರ್ ಅಂತ ಅದರ ಹೆಸರು. ಅದರ ಪ್ರಕಾರ 9, 10 ಕೊಟ್ಟವರು ಊರೆಲ್ಲ ಹೊಗಳಿಕೊಂಡು ಬರುವವರು. 7, 8 ಕೊಟ್ಟವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸೊನ್ನೆಯಿಂದ 6ರವರೆಗೆ ಕೊಟ್ಟವರೆಲ್ಲ ತೆಗಳುವವರು. ನೂರಕ್ಕೆ ಎಷ್ಟು ಜನ ಹೊಗಳಿದರೋ ಅದರಲ್ಲಿ ತೆಗಳಿದವರನ್ನು ಕಳೆದರೆ ಕಂಪನಿಯ ಅಂಕ. ಅಂದರೆ ಮಿಕ್ಸಿಗೆ ಬೆಂಕಿ ಬಿದ್ದು ಸೊನ್ನೆ ಕೊಟ್ಟವನೂ, ಪ್ರೀತಿಯಿಂದ ಆರು ಕೊಟ್ಟ ನಮ್ಮಮ್ಮನೂ ಒಂದೇ ಬೆಂಚು. ನಮ್ಮ ಮಾರ್ಕ್ಸ್ ಕಾರ್ಡ್ ನೋಡಿದವರು ಯಾರೂ ಈ ಗೆರೆ ಎಳೆಯುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಮರುದಿನ ಹುಡುಗನ ಫೋನ್ ಬಂತು. “ಆಂಟಿ, ಆರು ಕೊಟ್ಬಿಟ್ರಲ್ಲ! ಒಂಬತ್ತಾದ್ರೂ ಮಾಡಿಸಿ ಆಂಟಿ.”

ಅಮ್ಮನಿಗೆ ಇಂಥ ಫೋನು ಹೊಸದೇನಲ್ಲ. ಕನ್ನಡಕ ಸರಿ ಮಾಡಿಕೊಂಡು ಹೇಳಿದಳು: “ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕಪ್ಪ. ಫೀಸು ಕಟ್ಟೋದು ಮರೀಬೇಡ.”