ನಿಮ್ಮ ಫಾಗ್ ಲೈಟ್‌ಗೆ ರಿಲೇ ಹಾಕಿದ್ದಾರಾ?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿ ಇಳಿದವರಿಗೆ ಮಂಜು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಹಗಲು ಹೊತ್ತಿನಲ್ಲೇ ಮುಂದಿನ ಬಸ್ಸಿನ ಹಿಂದಿನ ದೀಪ ಕಾಣುವುದಿಲ್ಲ. ಹೈ ಬೀಮ್ ಹಾಕಿದರೆ ಇನ್ನೂ ಕಷ್ಟ, ಬೆಳಕು ಮಂಜಿನ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಅಂಥ ಕಡೆ ಓಡಾಡುವವರಿಗೆ ಫಾಗ್ ಲೈಟ್ ಬೇಕೇ ಬೇಕು. ಆದರೆ ಅದನ್ನು ನಮ್ಮ ಕಡೆ ಹಾಕಿಕೊಡುವ ರೀತಿ ನೋಡಿದರೆ ನನಗೆ ನಿಜವಾಗಲೂ ಭಯ ಆಗುತ್ತದೆ.

ನನ್ನ ಕಾರು ಕಡಿಮೆ ಬೆಲೆಯ ವೇರಿಯಂಟ್. ಬಂಪರ್‌ನಲ್ಲಿ ಫಾಗ್ ಲೈಟ್ ಇರಬೇಕಾದ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಟ್ಟಿದ್ದರು. ಒಂದು ಅಂಗಡಿಯಲ್ಲಿ ಕೊಟ್ಟೆ, ಅರ್ಧ ಗಂಟೆಯಲ್ಲಿ ಎರಡು ಲೈಟ್ ಕೂರಿಸಿ, ಸ್ವಿಚ್ ಒತ್ತಿ ತೋರಿಸಿ, ದುಡ್ಡು ತೆಗೆದುಕೊಂಡರು. ಚೆನ್ನಾಗಿ ಉರಿಯುತ್ತಿತ್ತು, ನಾನೂ ಬಾನೆಟ್ ತೆಗೆದು ನೋಡಲಿಲ್ಲ.

ಒಂದು ತಿಂಗಳಾದ ಮೇಲೆ, ರಾತ್ರಿ ಉಜಿರೆ ಕಡೆಯಿಂದ ಘಾಟಿ ಹತ್ತುತ್ತಿದ್ದೆವು, ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ ಮಲಗಿದ್ದಳು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎಲ್ಲಿಂದ ಅಂತ ನೋಡುವಷ್ಟರಲ್ಲಿ ಫಾಗ್ ಲೈಟ್ ಜೊತೆ ಹೆಡ್‌ಲೈಟೂ ಆರಿಹೋಯಿತು. ತಿರುವು, ಮಂಜು, ಒಂದು ಕಡೆ ಪ್ರಪಾತ, ಮುಂದೆ ಏನೂ ಇಲ್ಲ. ಇಂಡಿಕೇಟರ್ ಮಾತ್ರ ಕೆಲಸ ಮಾಡುತ್ತಿತ್ತು, ನಾಲ್ಕೂ ಹಾಕಿಕೊಂಡು ಅಂಚಿಗೆ ನಿಲ್ಲಿಸಿದೆ. ಮಂಗಳೂರಿಗೆ ತರಕಾರಿ ಇಳಿಸಿ ಖಾಲಿ ಬರುತ್ತಿದ್ದ ಪಿಕಪ್‌ನವರು ನಿಲ್ಲಿಸಿ, "ನಮ್ಮ ಹಿಂದೆನೇ ನಿಧಾನಕ್ಕೆ ಬನ್ನಿ ಸಾರ್" ಅಂದರು. ಅವರ ಹಿಂದಿನ ಕೆಂಪು ದೀಪ ನೋಡಿಕೊಂಡೇ ಕೊಟ್ಟಿಗೆಹಾರ ಮುಟ್ಟಿದೆವು. ಆ ಪುಣ್ಯಾತ್ಮರ ಹೆಸರೂ ಕೇಳಲಿಲ್ಲ ನಾನು.

ಮಾರನೇ ದಿನ ಮೂಡಿಗೆರೆಯಲ್ಲಿ ಎಲೆಕ್ಟ್ರಿಷಿಯನ್ ಒಬ್ಬರು ಬಿಚ್ಚಿ ತೋರಿಸಿದರು. ಹೆಡ್‌ಲೈಟ್ ವೈರಿನ ಸಿಪ್ಪೆ ಸುಲಿದು, ಅದಕ್ಕೇ ಸ್ಪೀಕರ್‌ಗೆ ಹಾಕುವಂಥ ಸಣ್ಣ ವೈರ್ ತಿರುಚಿ, ಮೇಲೆ ಟೇಪ್ ಸುತ್ತಿದ್ದರು. ರಿಲೇ ಇಲ್ಲ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ ಡಬ್ಬಿ ಅದು), ಬೇರೆ ಫ್ಯೂಸ್ ಇಲ್ಲ. "ಬೆಂಕಿ ಹತ್ಕೊಳ್ದೇ ಇದ್ದಿದ್ದು ನಿಮ್ಮ ಅದೃಷ್ಟ ಸಾರ್" ಅಂದರು.

ಲೆಕ್ಕ ಸುಲಭ. 55 ವ್ಯಾಟಿನ ಎರಡು ಬಲ್ಬ್ ಅಂದರೆ 110 ವ್ಯಾಟ್. 12 ವೋಲ್ಟ್‌ಗೆ 9 ಆಂಪಿಯರ್‌ಗಿಂತ ಜಾಸ್ತಿ. ಲೋ ಬೀಮಿನ ಎರಡು ಬಲ್ಬಿಗೆ ಅಂತ ಮಾಡಿದ ವೈರಿನ ಮೇಲೆ ಇನ್ನೂ ಎರಡು ಬಲ್ಬಿನ ಭಾರ ಹೊರಿಸಿದರೆ ಅದು ಬಿಸಿಯಾಗದೆ ಏನು ಮಾಡುತ್ತೆ? ರಿಲೇ ಇದ್ದರೆ ಈ ಭಾರ ಹಳೆಯ ವೈರಿನ ಮೇಲೆ ಬೀಳುವುದೇ ಇಲ್ಲ. ಸ್ವಿಚ್ ಒತ್ತಿದಾಗ ರಿಲೇ ಒಳಗಿನ ಸುರುಳಿಗೆ ಚೂರು ಕರೆಂಟ್ ಹೋಗುತ್ತದೆ, ಅದು ಅಯಸ್ಕಾಂತವಾಗಿ ಒಳಗಿನ ಸ್ವಿಚ್ಚನ್ನು ಎಳೆದುಕೊಂಡಾಗ ಬ್ಯಾಟರಿಯಿಂದ ಲೈಟಿಗೆ ಹೊಸ ದಪ್ಪ ವೈರಿನಲ್ಲಿ ನೇರ ಕರೆಂಟ್ ಹರಿಯುತ್ತದೆ. ರಿಲೇ ಕಾಲುಗಳ ಮೇಲೇ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ, 87ರಿಂದ ಲೈಟ್, 86ಕ್ಕೆ ಸ್ವಿಚ್, 85ಕ್ಕೆ ಅರ್ಥ್. ಸ್ವಿಚ್‌ಗೆ ಕರೆಂಟನ್ನು ಪಾರ್ಕಿಂಗ್ ಲೈಟಿನ ಲೈನ್‌ನಿಂದ ಕೊಡಿಸಿ, ಆಗ ಪಾರ್ಕಿಂಗ್ ಲೈಟ್ ಆರಿಸಿದರೆ ಫಾಗ್ ಲೈಟೂ ಆರುತ್ತದೆ, ಮರೆತು ಬ್ಯಾಟರಿ ಖಾಲಿ ಆಗುವುದಿಲ್ಲ.

ಫ್ಯೂಸ್ 15 ಆಂಪಿಯರ್‌ದು ಸಾಕು, ಆದರೆ ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರ್ ಎಲ್ಲಾದರೂ ಉಜ್ಜಿ ಕಾರಿನ ಲೋಹಕ್ಕೆ ತಾಗಿದಾಗ ಆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ವೈರ್ 2.5 ಚದರ ಮಿಲಿಮೀಟರಿನದು ಹಾಕಿಸಿ. ಅರ್ಥ್ ಕೊಡುವ ಕಡೆ ಬಣ್ಣ ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು. ನಮ್ಮ ಮಲೆನಾಡಿನ ಮಳೆಗೆ ಬರೀ ಟೇಪ್ ಸುತ್ತಿದ ಜಾಯಿಂಟ್ ಎಷ್ಟು ದಿನ ಬಾಳೀತು?

ಹಳದಿ ಲೈಟ್ ಮಂಜನ್ನು ಸೀಳಿಕೊಂಡು ಹೋಗುತ್ತೆ ಅನ್ನುವ ಮಾತು ನಂಬಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಯಾವ ಬಣ್ಣವಾದರೂ ಹೆಚ್ಚುಕಡಿಮೆ ಒಂದೇ ರೀತಿ ಚದುರುತ್ತದೆ. ಕಣ್ಣಿಗೆ ಹಿತ ಅನಿಸಿದರೆ ಹಾಕಿಕೊಳ್ಳಿ, ಅಷ್ಟೇ. ಕೆಲಸ ಮಾಡುವುದು ಲೈಟ್ ಕೆಳಗಿರುವುದು ಮತ್ತು ಬೆಳಕು ಅಗಲವಾಗಿ ರಸ್ತೆಯ ಮೇಲೇ ಬೀಳುವುದು, ಅಂಚಿನ ಬಿಳಿ ಗೆರೆ ಕಂಡರೆ ಗೆದ್ದ ಹಾಗೆ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ನೋಡಿ, ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲಕ್ಕೆ ತಿರುಗಿಸಿಕೊಂಡು, ಮಂಜಿಲ್ಲದ ಬಯಲು ರಸ್ತೆಯಲ್ಲೂ ಉರಿಸಿಕೊಂಡು ಬರುವವರು ಎದುರಿನ ಬೈಕ್‌ನವರನ್ನು ಒಂದು ಸಲ ನೆನೆಸಿಕೊಳ್ಳಿ ದಯವಿಟ್ಟು.

ಅಂಗಡಿಯವರಿಗೆ ಇದೆಲ್ಲ ಗೊತ್ತಿರುತ್ತದೆ. ರಿಲೇ ಇರುವ ವೈರಿಂಗ್ ಕಿಟ್ ಎಲ್ಲ ಕಡೆ ಸಿಗುತ್ತದೆ, ದುಬಾರಿಯೂ ಅಲ್ಲ. ಒಂದು ಗಂಟೆಯ ಕೆಲಸ ಉಳಿಸಲು ಒಂದು ಕುಟುಂಬವನ್ನು ಘಾಟಿಯಲ್ಲಿ ಕತ್ತಲಿಗೆ ತಳ್ಳುವುದು ತಪ್ಪು, ಅದಕ್ಕೆ ಬೇರೆ ಹೆಸರಿಲ್ಲ.

ಈ ವಾರ ಘಾಟಿ ಕಡೆ ಹೊರಟವರು, ಹೊರಗಡೆ ಅಂಗಡಿಯಲ್ಲಿ ಫಾಗ್ ಲೈಟ್ ಹಾಕಿಸಿದ್ದರೆ, ಬಾನೆಟ್ ಎತ್ತಿ ಬ್ಯಾಟರಿ ಪಕ್ಕ ಫ್ಯೂಸ್ ಹುಡುಕಿ. ಕಾಣದಿದ್ದರೆ ಆ ವೈರ್ ಕಳಚಿಸಿ, ಸರಿ ಮಾಡಿಸುವವರೆಗೆ ಲೋ ಬೀಮ್‌ನಲ್ಲೇ ನಿಧಾನಕ್ಕೆ ಹೋಗಿ.